ಮಾಳಿಗೆ ಮೇಲೆ ತೇಜಾಬು ಕಾಯಿಸುವ ಹುಡುಗರಿಗೆ ಒಬ್ಬ ಪತ್ತಾರನ ಬಹಿರಂಗ ಪತ್ರ

ಹುಬ್ಬಳ್ಳಿ-ಧಾರವಾಡದಲ್ಲಿ ಹಳೇ ಕಂಪ್ಯೂಟರ್ ಒಡೆದು ಬಂಗಾರ ತೆಗೆಯುತ್ತಿರುವ ಹುಡುಗರಿಗೆ, ಅವರ ಅವ್ವ-ಅಪ್ಪಂದಿರಿಗೆ, ಅವರಿಗೆ ಕಿಲೋ ಲೆಕ್ಕದಲ್ಲಿ ಬೋರ್ಡು ತೂಗಿ ಕೊಡುವ ಗುಜರಿ ಅಂಗಡಿಯ ಗೆಳೆಯರಿಗೆ ನಮಸ್ಕಾರ.

ನಾನು ಹುಬ್ಬಳ್ಳಿಯ ಪತ್ತಾರ, ಅಂದರೆ ಅಕ್ಕಸಾಲಿ. ದುರ್ಗದ ಬೈಲಿನಿಂದ ಜೋರಾಗಿ ಕೂಗಿದರೆ ಕೇಳುವಷ್ಟು ದೂರದಲ್ಲಿ ನನ್ನ ಅಂಗಡಿ. ದೊಡ್ಡದೇನಲ್ಲ. ಒಂದು ತಕ್ಕಡಿ, ಒಂದು ಒರೆಗಲ್ಲು, ಒಂದು ಗ್ಯಾಸ್ ಬತ್ತಿ, ಅಪ್ಪನ ಕಾಲದ ಊದುಗೊಳವೆ. ಮೂವತ್ತೊಂದು ವರ್ಷದಿಂದ ಅಲ್ಲೇ ಕೂತಿದ್ದೇನೆ. ಪತ್ರ ಬರೆದು ರೂಢಿ ಇಲ್ಲ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ದೀಪಾವಳಿ ಮುಗಿದ ವಾರ ಒಬ್ಬ ಹುಡುಗ ಬಂದ. ಇಪ್ಪತ್ತು, ಇಪ್ಪತ್ತೊಂದರ ಪ್ರಾಯ. ಕಿಸೆಯಿಂದ ಕಾಗದದ ಪೊಟ್ಟಣ ತೆಗೆದು ಗಾಜಿನ ಮೇಲೆ ಇಟ್ಟ. ಬಿಚ್ಚಿದರೆ ಒಳಗೆ ಚಿಟಿಕೆ ಕಂದು ಪುಡಿ.

"ಏನ್ ತಮ್ಮಾ, ನಶ್ಯ ತಂದೀ ಏನು?" ಅಂದೆ.

"ಬಂಗಾರ ರೀ ಕಾಕಾ. ಕರಗಿಸಿ ಗುಂಡು ಮಾಡಿ ಕೊಡ್ರಿ."

ನನಗೆ ನಗು ಬಂತು. ಆದರೆ ಅವನು ಸುಳ್ಳು ಹೇಳಿರಲಿಲ್ಲ. ಆಸಿಡ್ಡಿನಲ್ಲಿ ಕರಗಿಸಿ ಮತ್ತೆ ತಳಕ್ಕೆ ಇಳಿಸಿದ ಬಂಗಾರ ಹಾಗೇ ಇರುತ್ತದೆ. ದಾರೀಲಿ ಬಿದ್ದಿದ್ದರೆ ಯಾರೂ ಬಗ್ಗಿ ನೋಡೋದಿಲ್ಲ. ಬೆಂಕಿ ಕಂಡ ಮೇಲೇ ಅದಕ್ಕೆ ಬಣ್ಣ ಬರೋದು.

ಪುಡಿಗಿಂತ ಮೊದಲು ನನ್ನ ಕಣ್ಣು ಹೋಗಿದ್ದು ಅವನ ಬೆರಳಿಗೆ. ಹೆಬ್ಬೆರಳು, ತೋರುಬೆರಳ ತುದಿ ಹಳದಿ ಹಳದಿ. "ಅರಿಶಿಣ ಹಚ್ಚಿ ಆತೇನೋ? ಮದುವಿ ಯಾವಾಗ?" ಅಂದರೆ ಕೈ ಹಿಂದಕ್ಕೆ ಎಳೆದುಕೊಂಡ. ನಾವು ತೇಜಾಬು ಅನ್ನುವ ನೈಟ್ರಿಕ್ ಆಸಿಡ್ ಚರ್ಮಕ್ಕೆ ತಾಗಿದರೆ ಹೀಗೆ ಹಳದಿ ಆಗುತ್ತದೆ. ಸಾಬೂನು ಹಚ್ಚಿ ತಿಕ್ಕಿದರೂ ಹೋಗೋದಿಲ್ಲ. ಆ ತೊಗಲು ಉದುರಿ ಹೊಸದು ಬರಬೇಕು. ನಾನೂ ಆ ಬಣ್ಣದ ಬೆರಳಿಟ್ಟುಕೊಂಡು ಊಟ ಮಾಡಿದವನೇ.

ಮೂಸೆಗೆ ಬಿಳಿಗಾರ ಹಾಕಿ, ಪುಡಿ ಸುರಿದು ಬತ್ತಿ ಹಚ್ಚಿದೆ. ಬಂಗಾರ ಕರಗೋದು 1064 ಡಿಗ್ರಿಗೆ. ಬಿಳಿಗಾರ ಮೊದಲು ಉಬ್ಬಿತು, ಆಮೇಲೆ ಕರಗಿ ಗಾಜಿನ ಹಾಗೆ ಹರಡಿತು, ಹಸಿರಾಯಿತು. ಹಸಿರು ಕಂಡರೆ ತಾಮ್ರ ಉಳಿದಿದೆ ಅಂತಲೇ ಲೆಕ್ಕ. ಹುಡುಗ ಉಸಿರು ಬಿಗಿಹಿಡಿದು ನೋಡುತ್ತಿದ್ದ. ಕೊನೆಗೆ ಮೂಸೆಯ ತಳದಲ್ಲಿ ಒಂದು ಬೆಳಕಿನ ಚುಕ್ಕೆ ಗಿರ್ರನೆ ತಿರುಗಿ ನಿಂತಿತು. ತಣಿದ ಮೇಲೆ ಚಿಮಟದಲ್ಲಿ ಎತ್ತಿ ತಕ್ಕಡಿಗೆ ಇಟ್ಟೆ. ಸಾಸಿವೆ ಕಾಳಿನಷ್ಟು. 80 ಮಿಲಿಗ್ರಾಮು. ನಮ್ಮ ಹಳೇ ತೂಕದಲ್ಲಿ ಒಂದು ಗುಲಗಂಜಿ ಅಂದರೆ ಸುಮಾರು 120 ಮಿಲಿಗ್ರಾಮು. ಅಂದರೆ ಮುಕ್ಕಾಲು ಗುಲಗಂಜಿಗೂ ಕಮ್ಮಿ.

"ಇಷ್ಟ ಏನ್ರಿ?" ಅಂದ. ಮೂರು ತಿಂಗಳ ಭಾನುವಾರಗಳು ಅದರಲ್ಲಿ ಹೋಗಿದ್ದವು.

ಅವನಾದ ಮೇಲೆ ಇನ್ನೂ ಮೂವರು ಬಂದರು. ಮೂವರ ಮೊಬೈಲಿನಲ್ಲೂ ಬೋರ್ಡಿನಿಂದ ಬಂಗಾರ ತೆಗೆಯೋದು ತೋರಿಸುವ ಹೆಚ್ಚೂಕಮ್ಮಿ ಒಂದೇ ವಿಡಿಯೋ. ನಾಲ್ಕನೆಯವನು ಪುಡಿ ತಂದಿರಲಿಲ್ಲ, ಆಸಿಡ್ ಬಾಟಲಿಯನ್ನೇ ತಂದಿದ್ದ. ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ, ಟವೆಲ್ಲಿನಲ್ಲಿ ಸುತ್ತಿ, ಕಾಲೇಜ್ ಬ್ಯಾಗಿನಲ್ಲಿ ಇಟ್ಟುಕೊಂಡು. "ಕಾಕಾ, ಇದರಾಗ ಬಂಗಾರ ಐತಿ, ತಳಕ್ಕ ಇಳೀವಲ್ದು" ಅಂದ. ನನ್ನ ಎದೆ ಝಲ್ಲೆಂದಿತು. ಕಿಟಕಿ ಮುಚ್ಚಿದ ಎಸಿ ಬಸ್ಸು. ತುಂಬಿದ ಜನ. ಅಷ್ಟು ದೂರದಲ್ಲಿ ಎಲ್ಲಾದರೂ ಒಂದು ಬ್ರೇಕ್ ಜೋರಾಗಿ ಬಿದ್ದಿದ್ದರೆ? ಆವತ್ತು ರಾತ್ರಿಯೇ ಈ ಪತ್ರ ಬರೆಯಬೇಕು ಅನ್ನಿಸಿತು.

ಮೊದಲೇ ಒಂದು ಮಾತು. "ಪತ್ತಾರ ತನ್ನ ಹೊಟ್ಟೆಪಾಡಿಗೆ ಕುತ್ತು ಬರುತ್ತದೆ ಅಂತ ಹೇಳುತ್ತಾನೆ" ಅಂದುಕೊಳ್ಳಬೇಡಿ. ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡ ಅನ್ನುವ ಗಾದೆ ನಮ್ಮ ಬೆನ್ನಿಗೆ ಅಂಟಿಕೊಂಡೇ ಇದೆ. ನಾವೇನು ಸಾಚಾ ಅಂತ ವಾದ ಮಾಡೋದಿಲ್ಲ. ಆದರೆ ನಿಮ್ಮ ಸಾಸಿವೆ ಕಾಳಿನಿಂದ ನನ್ನ ಅಂಗಡಿಗೆ ಏನೂ ಆಗೋದಿಲ್ಲ, ಅಲ್ವಾ?

ಬೋರ್ಡಿನಲ್ಲಿ ಬಂಗಾರ ಇರೋದು ಖರೆ. ಬಂಗಾರಕ್ಕೆ ತುಕ್ಕು ಹಿಡಿಯೋದಿಲ್ಲ, ಕರೆಂಟು ಚೆನ್ನಾಗಿ ಹರಿಯುತ್ತದೆ. ಅದಕ್ಕೇ ರ್‍ಯಾಮ್ ಪಟ್ಟಿಯ ಅಂಚಿನ ಹಲ್ಲುಗಳಿಗೆ, ಪ್ರೊಸೆಸರಿನ ಪಿನ್ನುಗಳಿಗೆ ಅದರ ಲೇಪ ಕೊಡುತ್ತಾರೆ. ಪ್ರಶ್ನೆ ಎಷ್ಟು ದಪ್ಪ ಅನ್ನೋದು. ಒಳ್ಳೇ ದರ್ಜೆಯ ಹಲ್ಲಿಗೂ ಮುಕ್ಕಾಲು ಮೈಕ್ರಾನ್. ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಅಂಥ ತೊಂಬತ್ತು ಲೇಪ ಒಂದರ ಮೇಲೊಂದು ಇಟ್ಟರೆ ಒಂದು ಕೂದಲು. ಅಗ್ಗದ ಮಾಲಿನಲ್ಲಿ ಇದರ ಅರ್ಧವೂ ಇರೋದಿಲ್ಲ. ನಾನು ಒಂದು ರ್‍ಯಾಮ್ ಹಲ್ಲನ್ನು ಒರೆಗಲ್ಲಿಗೆ ತಿಕ್ಕಿ ನೋಡಿದೆ. ಮೊದಲ ಎಳೆ ಹಳದಿ. ಅದೇ ಜಾಗದಿಂದ ಎರಡನೇ ಸಲ ತಿಕ್ಕಿದರೆ ಬೆಳ್ಳಗೆ ನಿಕ್ಕಲ್ಲು, ಮೂರನೇ ಸಲಕ್ಕೆ ಕೆಂಪು ತಾಮ್ರ. ಮೂವತ್ತೊಂದು ವರ್ಷದಲ್ಲಿ ಇಷ್ಟು ಬೇಗ ಮುಗಿದುಹೋದ ಬಂಗಾರ ನಾನು ನೋಡಿಲ್ಲ.

ಆವತ್ತು ರಾತ್ರಿ ಮಗಳನ್ನು ಕೂರಿಸಿಕೊಂಡು ಲೆಕ್ಕ ಹಾಕಿದೆ. ಒಂದು ರ್‍ಯಾಮಿಗೆ 240 ಹಲ್ಲು. ಒಂದೊಂದರ ಅಗಲ-ಉದ್ದ ಸೇರಿ ಸುಮಾರು 2 ಚದರ ಮಿಲಿಮೀಟರು. ಮುಕ್ಕಾಲು ಮೈಕ್ರಾನ್ ದಪ್ಪ ಅಂತ ಹಿಡಿದರೂ ಎಲ್ಲಾ ಸೇರಿ 7 ಮಿಲಿಗ್ರಾಮು ಬಂಗಾರ. ಇದು ಹೆಚ್ಚೆಂದರೆ. ಅಂದರೆ ಒಂದು ಗುಲಗಂಜಿಗೆ ಹದಿನೇಳು ರ್‍ಯಾಮು, ಒಂದು ಗ್ರಾಮಿಗೆ ನೂರಾ ನಲವತ್ತಕ್ಕೂ ಜಾಸ್ತಿ. ಇಷ್ಟಾಗಿಯೂ ಒಂದು ಹನಿ ಪೋಲಾಗದೆ ಕೈಗೆ ಬಂದರೆ ಮಾತ್ರ. ಅದರ ಮೇಲೆ ಎರಡು ಥರದ ಆಸಿಡ್ಡು, ಬಂಗಾರ ತಳಕ್ಕೆ ಇಳಿಸುವ ಮೆಟಾಬೈಸಲ್ಫೈಟು ಪುಡಿ, ಬೀಕರು, ಸೋಸುವ ಕಾಗದ, ಗ್ಯಾಸು. ಗ್ರಾಮಿಗೆ 12 ಸಾವಿರ ಅಂತ ಹಿಡಿದರೆ ಆ ಮೊದಲ ಹುಡುಗನ ಗುಂಡಿನ ಬೆಲೆ 960 ರೂಪಾಯಿ. ಅವನ ಸಾಮಾನಿನ ಖರ್ಚೇ ಅದಕ್ಕಿಂತ ಜಾಸ್ತಿ ಆಗಿತ್ತು.

ಚಿಪ್ಪಿನ ಒಳಗೆ ಕೂದಲಿಗಿಂತ ಸಣ್ಣ ಬಂಗಾರದ ತಂತಿ ಇರುತ್ತದೆ ಅಂತಾರೆ. ಹಳೇ ಚಿಪ್ಪಿನಲ್ಲಿ ಹೌದು. ಈಗ ಬಹಳಷ್ಟು ಕಡೆ ಅಲ್ಲೂ ತಾಮ್ರವೇ ಬಂದಿದೆ. ಬಂಗಾರದ ಬೆಲೆ ಏರಿದ್ದು ಕಂಪನಿಯವರಿಗೂ ಗೊತ್ತಲ್ಲ! ವಿಡಿಯೋದಲ್ಲಿ ತೋರಿಸುವ ದಪ್ಪ ಸೆರಾಮಿಕ್ ಪ್ರೊಸೆಸರುಗಳು 1990ರ ದಶಕದವು. 1995ರ ಪೆಂಟಿಯಂ ಪ್ರೊ ಅನ್ನೋದರಲ್ಲಿ ಗ್ರಾಮಿನ ಮೂರನೇ ಒಂದು ಭಾಗದ ಹತ್ತಿರ ಬಂಗಾರ ಇರುತ್ತದೆ. ಅದನ್ನು ಒಡೆಯದೆ ಹಾಗೇ ಕೊಳ್ಳುವ ಶೋಕಿಯ ಜನ ಇದ್ದಾರೆ. ಆದರೆ ಕೊಪ್ಪೀಕರ ರೋಡಿನಲ್ಲಿ ಹಳೇ ಕಂಪ್ಯೂಟರಿನ ರಾಶಿ ಕೆದಕಿದರೆ ಅಂಥದ್ದು ಎಷ್ಟು ಸಿಕ್ಕಾವು?

"ಒಂದು ಟನ್ ಬೋರ್ಡಿನಲ್ಲಿ ನೂರು ಗ್ರಾಮಿಗೂ ಮೇಲೆ ಬಂಗಾರ" ಅನ್ನೋದನ್ನು ಎಲ್ಲರೂ ಬಾಯಿಪಾಠ ಮಾಡಿಕೊಂಡು ಬರುತ್ತೀರಿ. ಅದು ನಿಜ. ಹಟ್ಟಿ ಗಣಿಯಲ್ಲಿ ಒಂದು ಟನ್ ಕಲ್ಲು ಅರೆದರೆ ಸಿಗೋದು ಕೆಲವೇ ಗ್ರಾಮು. ಆದರೆ ತಮ್ಮಾ, ಒಂದು ಟನ್ ಬೋರ್ಡು ಅಂದರೆ ಸಾವಿರಕ್ಕೂ ಹೆಚ್ಚು ಕಂಪ್ಯೂಟರು. ನಿನ್ನ ಹತ್ತಿರ ಇರೋದು ಆರು. ಟೋಕಿಯೋ ಒಲಿಂಪಿಕ್ಸಿಗೆ ಜಪಾನಿನವರು ಹಳೇ ಮೊಬೈಲು, ಕಂಪ್ಯೂಟರಿನಿಂದಲೇ ಪದಕ ಮಾಡಿದರು. ಇಡೀ ದೇಶ ಸೇರಿ 62 ಲಕ್ಷ ಮೊಬೈಲು, ಎಲ್ಲಾ ಸಾಮಾನು ಕೂಡಿ ಸುಮಾರು 79 ಸಾವಿರ ಟನ್ ಕೊಟ್ಟಿತು. ಬಂದ ಬಂಗಾರ 32 ಕಿಲೋ. ನೀರಜ್ ಚೋಪ್ರಾ ಈಟಿ ಎಸೆದು ಗೆದ್ದ ಪದಕ ಆ ಬಂಗಾರದ್ದೇ. ಪತ್ತಾರನ ಕಣ್ಣಿಗೆ ಅದೂ ಬೆಳ್ಳಿ ಪದಕವೇ ಅನ್ನಿ, ಮೇಲೆ 6 ಗ್ರಾಮಿನಷ್ಟು ಬಂಗಾರದ ಲೇಪ.

ದೂಳಿನಲ್ಲಿ ಬಂಗಾರ ಹುಡುಕೋದು ನಮ್ಮ ಕಡೆಗೆ ಹೊಸದಲ್ಲ. ನನ್ನ ಅವ್ವನ ತವರು ಗದಗ ಸೀಮೆ. ಕಪ್ಪತಗುಡ್ಡದಿಂದ ಇಳಿಯುವ ಹಳ್ಳಗಳಲ್ಲಿ ಮಳೆ ನಿಂತ ಮೇಲೆ ಜಾಲಗಾರರು ಕಟ್ಟಿಗೆಯ ಮರಿಗೆಯಲ್ಲಿ ಮರಳು ಜಾಲಿಸುತ್ತಿದ್ದರಂತೆ, ಅಕ್ಕಿಯಿಂದ ಕಲ್ಲು ಬೇರೆ ಮಾಡಿದ ಹಾಗೆ. ಬ್ರಿಟಿಷರ ಕಾಲದಲ್ಲಿ ಕಂಪನಿಗಳೂ ಬಂದು ಸುರಂಗ ತೋಡಿ, ಆಮೇಲೆ ಮುಚ್ಚಿಕೊಂಡು ಹೋದವು. ನಮ್ಮ ಅಂಗಡಿಗಳ ಕಸವನ್ನೂ ಇವತ್ತಿಗೂ ದುಡ್ಡು ಕೊಟ್ಟು ಒಯ್ಯುವವರು ಇದ್ದಾರೆ. ನಾನು ಕೈ ತೊಳೆದ ನೀರನ್ನು ಕೂಡ ಚೆಲ್ಲೋದಿಲ್ಲ, ಗಡಿಗೆಯಲ್ಲಿ ಹಾಕಿಡುತ್ತೇನೆ. ಹಾಗಾಗಿ ನಿಮ್ಮ ಆಸೆ ನನಗೆ ತಿಳಿಯುತ್ತದೆ. ಆಸೆಗೆ ಬೈಯೋಕೆ ಬಂದಿಲ್ಲ.

ಬೈಯಬೇಕಾಗಿರೋದು ಹೊಗೆಗೆ.

ನನಗಾಗ ಇಪ್ಪತ್ಮೂರು. ಶ್ರಾವಣದ ಜಡಿಮಳೆ. ಹಳೇ ಒಡವೆ ಕರಗಿಸಿ ಶುದ್ಧ ಮಾಡುವ ಕೆಲಸ ಬಂದಿತ್ತು. ಒಂದು ಪಾಲು ಬಂಗಾರಕ್ಕೆ ಮೂರು ಪಾಲು ಬೆಳ್ಳಿ ಸೇರಿಸಿ, ತಗಡು ಬಡಿದು, ತೇಜಾಬಿನಲ್ಲಿ ಕಾಯಿಸಿದರೆ ಬೆಳ್ಳಿ, ತಾಮ್ರ ಕರಗಿ ಬಂಗಾರ ಉಳಿಯುತ್ತದೆ. ಅಪ್ಪ ಆ ಕೆಲಸ ಯಾವಾಗಲೂ ಹಿತ್ತಲಿನಲ್ಲಿ ಮಾಡುತ್ತಿದ್ದ. ಮೊದಲು ಒಂದು ಹಿಡಿ ಬೂದಿ ತೂರಿ ಗಾಳಿ ಯಾವ ಕಡೆ ಅಂತ ನೋಡುತ್ತಿದ್ದ, ಗಾಳಿಗೆ ಬೆನ್ನು ಕೊಟ್ಟು ಕೂರುತ್ತಿದ್ದ. ಆವತ್ತು ಅಪ್ಪ ಊರಲ್ಲಿ ಇರಲಿಲ್ಲ. ಹೊರಗೆ ಮಳೆ. ನಾನು ಜಾಣ. ಒಳಗೇ ಹಚ್ಚಿದೆ, ಕಿಟಕಿ ಮುಚ್ಚಿ.

ಇಟ್ಟಂಗಿ ಬಣ್ಣದ ಹೊಗೆ ಎದ್ದಿತು. ನಾಲ್ಕು ಸಲ ಕೆಮ್ಮಿದೆ, ಅಷ್ಟೇ. ಕಣ್ಣು ಸ್ವಲ್ಪ ಉರಿಯಿತು. ಕೆಲಸ ಮುಗಿಸಿ, ಸಂಜೆ ಎರಡು ರೊಟ್ಟಿ ತಿಂದು ಮಲಗಿದೆ. ರಾತ್ರಿ ಎರಡು ಗಂಟೆಗೆ ಎಚ್ಚರ ಆಯಿತು. ಉಸಿರು ಒಳಗೆ ಹೋಗುತ್ತಿಲ್ಲ. ಎದೆಯೊಳಗೆ ಹುಕ್ಕಾದ ಹಾಗೆ ಗುಳುಗುಳು ಸದ್ದು. ಅವ್ವ ಪಕ್ಕದ ಮನೆಯವರನ್ನು ಎಬ್ಬಿಸಿ, ಟೆಂಪೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದಳು. ಆರು ದಿನ ಆಕ್ಸಿಜನ್ ಹಚ್ಚಿದರು. ಡಾಕ್ಟರು ಹೇಳಿದ್ದು ಇನ್ನೂ ನೆನಪಿದೆ. ಈ ಹೊಗೆ ಮೂಗು-ಗಂಟಲಲ್ಲಿ ಜಾಸ್ತಿ ಉರಿಯೋದಿಲ್ಲ, ಹಾಗಾಗಿ ಮನುಷ್ಯ ಓಡಿಹೋಗೋದಿಲ್ಲ. ಸೀದಾ ಪುಪ್ಪುಸದ ಆಳಕ್ಕೆ ಇಳಿದು, ಹಲವು ಗಂಟೆ ಆದ ಮೇಲೆ ಅಲ್ಲಿ ನೀರು ತುಂಬಿಸುತ್ತದೆ. ಒಂದು ದಿನ ಬಿಟ್ಟು ಆದರೂ ಆಗಬಹುದು. ನಿಮಗೆ ಆ ಕೆಂಚು ಹೊಗೆ ತಗುಲಿದ್ದರೆ "ಈಗ ಆರಾಮ್ ಅದೀನಿ" ಅಂತ ಮಲಗಬೇಡಿ. ಆರಾಮ್ ಇದ್ದಾಗಲೇ ಆಸ್ಪತ್ರೆಗೆ ಹೋಗಿ, ಯಾವ ಹೊಗೆ ಕುಡಿದಿರಿ ಅಂತ ಬಾಯಿ ಬಿಟ್ಟು ಹೇಳಿ. ನಾಚಿಕೆ ಆಮೇಲೆ ಪಡಬಹುದು.

ತಾಯಂದಿರಿಗೆ ಒಂದು ಗುರುತು ಹೇಳುತ್ತೇನೆ. ಮಗನ ಬೆರಳು ಹಳದಿ ಆಗಿದ್ದರೆ, ಮಾಳಿಗೆ ಮೇಲಿನ ತಗಡು, ಬಟ್ಟೆ ಒಣಹಾಕುವ ತಂತಿ ಇದ್ದಕ್ಕಿದ್ದಂತೆ ತುಕ್ಕು ಹಿಡಿದಿದ್ದರೆ, ಸುಮ್ನೆ ಒಂದು ಸಲ ನೀರಿನ ಟಾಕಿಯ ಹಿಂದೆ ಇಣುಕಿ ನೋಡಿ. ಆ ಮೊದಲ ಹುಡುಗ ಆಸಿಡ್ ಕಾಯಿಸುತ್ತಿದ್ದ ಜಾಗದಿಂದ ನಾಲ್ಕು ಮಾರು ದೂರದಲ್ಲಿ ಅವನ ಅವ್ವ ಶಾವಿಗೆ ಒಣಹಾಕುತ್ತಿದ್ದಳಂತೆ.

ಇನ್ನು ಬಾಟಲಿ ತಂದವನ ಕತೆ. ಅವನು ಬೋರ್ಡಿನ ತುಂಡುಗಳನ್ನು ತಾಮ್ರ, ತವರ, ಹಿತ್ತಾಳೆ ಸಮೇತ ಆಕ್ವಾ ರೀಜಿಯಾಕ್ಕೆ ಹಾಕಿದ್ದ. ಮೂರು ಪಾಲು ಹೈಡ್ರೋಕ್ಲೋರಿಕ್, ಒಂದು ಪಾಲು ನೈಟ್ರಿಕ್ ಸೇರಿದ ಈ ನೀರು ಬಂಗಾರವನ್ನೂ ಬಿಡೋದಿಲ್ಲ. ಆದರೆ ಒಳಗೆ ಕರಗದ ತಾಮ್ರ ಉಳಿದಿದ್ದರೆ ಕರಗಿದ ಬಂಗಾರ ಮತ್ತೆ ಅದರ ಮೇಲೇ ಹೋಗಿ ಕೂರುತ್ತದೆ, ಇಲ್ಲಾ ಗಸಿಯಲ್ಲಿ ಸೇರಿಹೋಗುತ್ತದೆ. ನೈಟ್ರಿಕ್ ಜಾಸ್ತಿ ಉಳಿದಿದ್ದರೆ ಏನೇ ಪುಡಿ ಹಾಕಿದರೂ ತಳಕ್ಕೆ ಇಳಿಯೋದಿಲ್ಲ. ಬಾಟಲಿಯನ್ನು ಹಿತ್ತಲಿಗೆ ಒಯ್ದು, ಒಂದು ಹನಿ ತೆಗೆದು ತವರದ ಕ್ಲೋರೈಡಿನ ನೀರು ತಾಗಿಸಿದೆ. ನೇರಳೆ ಹಣ್ಣು ಹಿಚುಕಿದ ಹಾಗೆ ಬಣ್ಣ ಬಂತು. ಬಂಗಾರ ಇನ್ನೂ ನೀರಿನಲ್ಲೇ ಇತ್ತು.

"ಹಿಂದ ಎರಡು ಸಲ ಹಿಂಗ ಆಗಿತ್ತು ರೀ ಕಾಕಾ" ಅಂದ.

"ಆಗ ಏನ್ ಮಾಡಿದಿ?"

"ಏನೂ ಬರಲಿಲ್ಲಂತ ಗಟಾರಕ್ಕ ಸುರುವಿದೆ."

ಅಂದರೆ ಬಂಗಾರ ಗಟಾರಕ್ಕೆ ಹೋಯಿತು. ಅದು ಹೋಗಲಿ. ಅದರ ಜೊತೆ ಹೋದ ತಾಮ್ರ, ನಿಕ್ಕಲ್ಲು, ಬೆಸುಗೆಯ ಸೀಸ? ನಮ್ಮ ಅವಳಿ ನಗರದ ಗಟಾರದ ನೀರು ಎಲ್ಲಿಗೆ ಹೋಗುತ್ತದೆ ಅಂತ ಯೋಚನೆ ಮಾಡಿದ್ದೀರಾ? ನಾಲಾ ಹಿಡಿದು ಊರಾಚೆ ಹೋಗುತ್ತದೆ. ಅಲ್ಲಿ ರೈತರು ಪಂಪ್ ಹಚ್ಚಿ ಅದನ್ನೇ ಎತ್ತಿ ಹೊಲಕ್ಕೆ ಬಿಡುತ್ತಾರೆ, ತರಕಾರಿ ಬೆಳೆಯುತ್ತಾರೆ. ಆ ಬದನೆಕಾಯಿ, ಆ ಪಲ್ಲೆ ಮತ್ತೆ ನಮ್ಮ ಸಂತೆಗೇ ಬರುತ್ತದೆ. ಬಂಗಾರದ ಗಣಿಗೆ ಸೈನೈಡ್ ಬೇಕು, ನೀರು ಕೆಡುತ್ತದೆ, ಕಪ್ಪತಗುಡ್ಡ ಮುಟ್ಟಬೇಡಿ ಅಂತ ಗದಗದ ಜನ ಬೀದಿಗೆ ಇಳಿದರು. ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರೇ ಮುಂದೆ ನಿಂತಿದ್ದರು. 2019ರಲ್ಲಿ ಗುಡ್ಡ ವನ್ಯಜೀವಿ ಧಾಮ ಆಯಿತು. ಗುಡ್ಡಕ್ಕೆ ಬೇಡ ಅಂದದ್ದನ್ನು ನಾವು ಮಾಳಿಗೆಗೆ ಹತ್ತಿಸಿಕೊಂಡರೆ ಹೇಗೆ?

ಬೋರ್ಡನ್ನು ಬೆಂಕಿಗೆ ಹಿಡಿದು ಚಿಪ್ಪು ಬಿಡಿಸುವವರಿಗೂ ಹೇಳಬೇಕು. ಸುಡುವಾಗ ಏಳುವ ಆ ಘಾಟು ಬರೀ ಪ್ಲಾಸ್ಟಿಕ್ಕಿನದಲ್ಲ. ಬೆಂಕಿ ಹತ್ತಬಾರದು ಅಂತ ಬೋರ್ಡಿಗೆ ಬ್ರೋಮಿನ್ ಸೇರಿಸಿರುತ್ತಾರೆ, ಹಳೇ ಬೆಸುಗೆಯಲ್ಲಿ ಸೀಸ ಇರುತ್ತದೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಅವರಿಗೇ ಮೊದಲು ಏಟು.

ಕಾಯಿದೆ ನನಗೆ ಅಷ್ಟು ತಿಳಿಯೋದಿಲ್ಲ, ಮಗಳು ಓದಿ ಹೇಳಿದ್ದು ಇಷ್ಟು. 2022ರ ಇ-ತ್ಯಾಜ್ಯ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಈ ಕೆಲಸ ಮಾಡುವವರು ನೋಂದಣಿ ಮಾಡಿಸಿಕೊಂಡಿರಲೇಬೇಕು. ಮಾಳಿಗೆಗೆ ನೋಂದಣಿ ಸಿಗೋದಿಲ್ಲ. ಆಸಿಡ್ ಮಾರುವವರು ಗುರುತಿನ ಚೀಟಿ ನೋಡಿ, ಪುಸ್ತಕದಲ್ಲಿ ಬರೆದುಕೊಂಡು ಕೊಡಬೇಕು, ಹದಿನೆಂಟು ತುಂಬದವರಿಗೆ ಕೊಡಲೇಬಾರದು ಅಂತ 2013ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಅಂಗಡಿಯ ಗೆಳೆಯರೇ, ಹುಡುಗ "ಬಾತ್‌ರೂಮ್ ತೊಳಿಯಾಕ" ಅಂದರೆ ನಂಬಬೇಡಿ. ಬಾತ್‌ರೂಮಿಗೆ ಯಾರೂ ನೈಟ್ರಿಕ್ ಹಾಕೋದಿಲ್ಲ.

ಹಾಗಾದರೆ ಬೋರ್ಡು ಏನು ಮಾಡಬೇಕು? ಒಡೆಯದೆ, ಸುಡದೆ, ಹಾಗೇ ಮಾರಿ. ರ್‍ಯಾಮು ಒಂದು ಚೀಲ, ಪ್ರೊಸೆಸರು ಒಂದು ಚೀಲ, ಮದರ್‌ಬೋರ್ಡು ಒಂದು ಚೀಲ. ಬೇರೆ ಬೇರೆ ಮಾಡಿದ ಮಾಲಿಗೆ ಯಾವಾಗಲೂ ರೇಟು ಜಾಸ್ತಿ, ಇದು ಬಂಗಾರಕ್ಕೂ ನಿಜ, ಬದನೆಕಾಯಿಗೂ ನಿಜ. ನಾಲ್ಕಾರು ರಿಪೇರಿ ಅಂಗಡಿಯವರು ಸೇರಿ ಕ್ವಿಂಟಲ್‌ಗಟ್ಟಲೆ ಕೂಡಿಸಿದರೆ ನೋಂದಾಯಿತ ಕಂಪನಿಯವರು ಗಾಡಿ ಕಳಿಸಿ ಒಯ್ಯುತ್ತಾರೆ. ಅವರ ಹತ್ತಿರ ಹೊಗೆ ಹೀರಿ ತೊಳೆಯುವ ಯಂತ್ರ ಇರುತ್ತದೆ. ನಮ್ಮ ಹತ್ತಿರ ಇರೋದು ಕರ್ಚೀಫು. ನಡೆಯುವ ರ್‍ಯಾಮ್ ಇದ್ದರೆ ಅದನ್ನು ಸೆಕೆಂಡ್ ಹ್ಯಾಂಡ್ ಮಾರಿದರೂ 7 ಮಿಲಿಗ್ರಾಮು ಬಂಗಾರಕ್ಕಿಂತ ಲಾಭ.

ಮಹಾನಗರ ಪಾಲಿಕೆಯ ಹಿರಿಯರಿಗೂ ಒಂದು ಬಿನ್ನಹ. ತಿಂಗಳಿಗೊಂದು ಭಾನುವಾರ, ವಲಯಕ್ಕೊಂದು ಕಡೆ, ಒಂದು ತಕ್ಕಡಿ ಇಟ್ಟು ಹಳೇ ಬೋರ್ಡು ತೂಗಿ, ಕೈಗೆ ದುಡ್ಡು ಕೊಟ್ಟು ಕೊಳ್ಳುವ ವ್ಯವಸ್ಥೆ ಮಾಡಿ. ಪುಕ್ಕಟೆ ಕೊಡಿ ಅಂದರೆ ಈ ಹುಡುಗರು ಬರೋದಿಲ್ಲ, ಅದರಲ್ಲಿ ಬಂಗಾರ ಇದೆ ಅಂತ ಅವರಿಗೆ ಗೊತ್ತಾಗಿಬಿಟ್ಟಿದೆ. ತಕ್ಕಡಿ ಹಿಡಿಯೋಕೆ ಜನ ಬೇಕಾದರೆ ನಾನು ಬರುತ್ತೇನೆ. ಕೈ ಒತ್ತೋದಿಲ್ಲ, ಆಣೆ!

ಈಗಾಗಲೇ ಮನೆಯಲ್ಲಿ ಆಸಿಡ್ ಬಾಟಲಿ ಇಟ್ಟುಕೊಂಡವರು ಇಷ್ಟು ಮಾಡಿ. ಬಳಸಿದ ಆಸಿಡ್ ನೀರಿನ ಬಾಟಲಿಗೆ ಮುಚ್ಚಳ ಬಿಗಿ ಮಾಡಬೇಡಿ. ಒಳಗೆ ಗಾಳಿ ಹುಟ್ಟುತ್ತಲೇ ಇರುತ್ತದೆ, ಬಾಟಲಿ ಸಿಡಿಯಬಹುದು. ಬ್ಲೀಚಿಂಗ್ ಪೌಡರಿನ ಹತ್ತಿರ ಇಡಲೇಬೇಡಿ. ಗಟಾರಕ್ಕೆ ಸುರಿಯಬೇಡಿ. ಮಕ್ಕಳ ಕೈಗೆ ಸಿಗದ, ಗಾಳಿ ಆಡುವ ಜಾಗದಲ್ಲಿಟ್ಟು, ಧಾರವಾಡದಲ್ಲಿರುವ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೆ ಫೋನ್ ಮಾಡಿ ಕೇಳಿ. ಕಾಲೇಜಿನಲ್ಲಿ ಓದುವವರು ನಿಮ್ಮ ಕೆಮಿಸ್ಟ್ರಿ ಮೇಷ್ಟ್ರನ್ನಾದರೂ ಕೇಳಿ. ಬೈಸಿಕೊಂಡರೂ ಪರವಾಗಿಲ್ಲ.

ಆ ಸಾಸಿವೆ ಕಾಳಿನ ಹುಡುಗ ಈಗ ಶನಿವಾರ ಶನಿವಾರ ನನ್ನ ಅಂಗಡಿಗೆ ಬರುತ್ತಾನೆ. ಬೆಸುಗೆ ಕಲಿಯುತ್ತಿದ್ದಾನೆ, ಕೈ ನಿಧಾನ, ಕಣ್ಣು ಚುರುಕು. ಅವನ 80 ಮಿಲಿಗ್ರಾಮಿಗೆ ನನ್ನದೊಂದಿಷ್ಟು ಸೇರಿಸಿ ಅವನ ಅವ್ವನಿಗೆ ಮೂಗುಬಟ್ಟು ಮಾಡಿದ್ದೇವೆ. ಕಂಪ್ಯೂಟರಿನ ಬಂಗಾರ ಅಂತ ಅವರಿಗೆ ಇನ್ನೂ ಹೇಳಿಲ್ಲ, ಈ ಪತ್ರ ಓದಿದರೆ ಗೊತ್ತಾಗುತ್ತದೆ. ನಿಮಗೂ ಕಲಿಯುವ ಮನಸ್ಸಿದ್ದರೆ ಬನ್ನಿ. ಇನ್ನಿಬ್ಬರಿಗೆ ಜಾಗ ಇದೆ. ಅಮಾವಾಸ್ಯೆ ದಿನ ಅಂಗಡಿ ಬಂದ್, ಉಳಿದ ದಿನ ಬೆಳಗ್ಗೆ ಹತ್ತರ ಮೇಲೆ ಇರುತ್ತೇನೆ.

ಬಾಟಲಿ ಮಾತ್ರ ತರಬೇಡಿ.

ಇಂತಿ ನಿಮ್ಮ ಕಾಕಾ,
ಒಬ್ಬ ಪತ್ತಾರ, ಹುಬ್ಬಳ್ಳಿ